ಮಗನಿಗೆ ಸಣ್ಣ ಕಾಲೇಜಿನ ಓಟದ ಕೋಚ್‌ನಿಂದ ಪತ್ರ ಬಂದಿದೆ: ಗಂಭೀರವಾಗಿ ತೆಗೆದುಕೊಳ್ಳಬೇಕೇ?

ಎಡಿಸನ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗ ಹನ್ನೊಂದನೇ ತರಗತಿ. ಶಾಲೆಯ ತಂಡದಲ್ಲಿ ಮೈಲಿ ಓಟ ಓಡುತ್ತಾನೆ, 4 ನಿಮಿಷ 24 ಸೆಕೆಂಡ್ ಅವನ ಈವರೆಗಿನ ಉತ್ತಮ ಸಮಯ. ಭಾನುವಾರ ಅಪ್ಪನ ಜೊತೆ ಕ್ರಿಕೆಟ್. ಹೋದ ವಾರ ಪೆನ್ಸಿಲ್ವೇನಿಯಾದ ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿನ (ಕಲೆ, ವಿಜ್ಞಾನ ಎರಡನ್ನೂ ಪದವಿ ಮಟ್ಟದಲ್ಲಿ ಕಲಿಸುವ ಕಾಲೇಜು) ಓಟದ ಕೋಚ್ ಅವನಿಗೆ ಇಮೇಲ್ ಬರೆದಿದ್ದಾರೆ. ನಿನ್ನ ಅಂಕಪಟ್ಟಿ ಕಳುಹಿಸು, ಒಮ್ಮೆ ಬಂದು ನೋಡು ಎಂದು.

ಅಂದಿನಿಂದ ಮನೆಯಲ್ಲಿ ಎರಡು ಪಕ್ಷವಾಗಿದೆ. ಇಡೀ ಕಾಲೇಜಿನಲ್ಲಿ ಸಾವಿರದ ನಾನೂರು ಚಿಲ್ಲರೆ ವಿದ್ಯಾರ್ಥಿಗಳು ಎಂದು ತಿಳಿದಾಗ ನಮ್ಮ ಯಜಮಾನರು ನಕ್ಕುಬಿಟ್ಟರು. ದಾವಣಗೆರೆಯಲ್ಲಿ ಅವರು ಓದಿದ ಪಿಯು ಕಾಲೇಜಿನಲ್ಲಿ ಒಂದು ಸೆಕ್ಷನ್‌ಗೇ ನೂರಿಪ್ಪತ್ತು ಜನರಿದ್ದರಂತೆ. ಅತ್ತೆಯವರು ಫೋನಿನಲ್ಲಿ, "ಓಡುವುದಕ್ಕೆ ಅಷ್ಟು ದುಡ್ಡು ಕೊಟ್ಟು ಕಾಲೇಜಿಗೆ ಸೇರಿಸಬೇಕೇ? ಇಲ್ಲಿ ಕೆರೆ ಏರಿಯ ಮೇಲೆ ಓಡಿದರಾಗದೇ?" ಎಂದರು. ಮಗ ಮಾತ್ರ ಕೋಚ್‌ನ ಪತ್ರವನ್ನು ದಿನಕ್ಕೆ ನಾಲ್ಕು ಸಲ ಓದುತ್ತಿದ್ದಾನೆ.

ನನ್ನ ಪ್ರಶ್ನೆ ಮೂರು. ಓಟಕ್ಕೆ ವಿದ್ಯಾರ್ಥಿವೇತನ ಸಿಗುತ್ತದೆಯೇ? ಕೋಚ್ ಕರೆದರೆ ಸೀಟು ಸಿಕ್ಕಂತೆಯೇ? ಓದು ಹಾಳಾಗುವುದಿಲ್ಲವೇ?

ಈಜುಗಾರ್ತಿಯ ಅಪ್ಪ

ಮೇಡಂ, ಮೊದಲನೆಯದಕ್ಕೆ ಉತ್ತರ: ಇಲ್ಲ. ಒಂದು ಡಾಲರ್ ಕೂಡ ಇಲ್ಲ.

ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ 1973ರಲ್ಲಿ ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿತು. ಟಿವಿಯಲ್ಲಿ ಬರುವ ಅಮೆರಿಕನ್ ಫುಟ್‌ಬಾಲು, ಬಾಸ್ಕೆಟ್‌ಬಾಲು ಎಲ್ಲ ಮೊದಲನೆಯ ಡಿವಿಷನ್. ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳು ಬಹುಪಾಲು ಇರುವುದು ಮೂರನೆಯದರಲ್ಲಿ. ನಾನೂರಕ್ಕೂ ಹೆಚ್ಚು ಕಾಲೇಜುಗಳಿರುವ ಈ ಡಿವಿಷನ್ ಮೂರೂ ಡಿವಿಷನ್‌ಗಳ ಪೈಕಿ ಅತಿ ದೊಡ್ಡದು. ಆಟಕ್ಕಾಗಿ ಹಣ ಕೊಡುವುದು ಇಲ್ಲಿ ನಿಯಮಬಾಹಿರ. ನಿಮ್ಮ ಆದಾಯ ನೋಡಿ ಕೊಡುವ ನೆರವು, ಅಂಕ ನೋಡಿ ಕೊಡುವ ನೆರವು ಇವೆ. ಆ ಲೆಕ್ಕದಲ್ಲಿ ಮಗ ಓಡುತ್ತಾನೋ ಕುಂಟುತ್ತಾನೋ ಎಂಬುದಕ್ಕೆ ಜಾಗವಿಲ್ಲ.

ಇದು ಕೆಟ್ಟ ಸುದ್ದಿಯೆಂದು ನಾನೂ ಮೊದಲು ಅಂದುಕೊಂಡಿದ್ದೆ. ನನ್ನ ಮಗಳು ಒಹಾಯೋದ ಒಂದು ಸಣ್ಣ ಕಾಲೇಜಿನಲ್ಲಿ ಎರಡು ವರ್ಷ ಈಜಿದಳು. ಬೆಳಗ್ಗೆ ಐದೂವರೆಗೆ ಕೊಳಕ್ಕಿಳಿಯಬೇಕು, ಸಂಜೆ ಮತ್ತೊಮ್ಮೆ. ಮೂರನೇ ವರ್ಷ ಭುಜದ ನೋವು ಬಂದು ಬಿಟ್ಟಳು. ಬಿಟ್ಟ ದಿನ ನಾನು ನಡುಗುತ್ತಾ ಹಣಕಾಸು ನೆರವಿನ ಕಚೇರಿಗೆ ಫೋನು ಮಾಡಿದೆ. ಆ ಕಡೆಯ ಹೆಂಗಸಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಈಜಿಗೆಂದು ಕೊಟ್ಟ ಹಣವೇ ಅಲ್ಲದಿದ್ದಾಗ ಈಜು ಬಿಟ್ಟರೆ ಕಿತ್ತುಕೊಳ್ಳುವುದೇನನ್ನು? ಮೊದಲ ಡಿವಿಷನ್ನಿನಲ್ಲಿ ಆಡುವ ಮಕ್ಕಳ ಅಪ್ಪಂದಿರಿಗೆ ಈ ನೆಮ್ಮದಿ ಇಲ್ಲ.

ಹಾಗೆಂದು ಮೂರನೇ ಡಿವಿಷನ್ ಎಂದರೆ ಮೂರನೇ ದರ್ಜೆ ಎಂದುಕೊಳ್ಳಬೇಡಿ. ಒಹಾಯೋದ ಗ್ಯಾಂಬಿಯರ್ ಎಂಬ ಹಳ್ಳಿಯಲ್ಲಿ ಕೆನ್ಯನ್ ಕಾಲೇಜಿದೆ. ಅಲ್ಲಿನ ಪುರುಷರ ಈಜು ತಂಡ 1980ರಿಂದ 2010ರವರೆಗೆ ಸತತ 31 ವರ್ಷ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2011ರಲ್ಲಿ ಪಕ್ಕದೂರಿನ ಡೆನಿಸನ್ ವಿಶ್ವವಿದ್ಯಾಲಯ ಆ ಸರಣಿಯನ್ನು ಮುರಿದದ್ದು ಒಂದೇ ಒಂದು ಅಂಕದಿಂದ. ಈ ಕಡೆ ಈಜುವ ಮಕ್ಕಳ ಮನೆಗಳಲ್ಲಿ ಆ ಒಂದು ಅಂಕದ ಮಾತು ಇನ್ನೂ ಮುಗಿದಿಲ್ಲ.

ಧಾರವಾಡದ ಹಳೆಯ ಬ್ಲೂ

ಇದು ನನಗೆ ತಲೆಕೆಳಗಾಗಿ ಕಾಣುತ್ತಿದೆ. ನಾನು ಬಾಲ್ ಬ್ಯಾಡ್ಮಿಂಟನ್‌ನಲ್ಲಿ ಯೂನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವನು. ನಮ್ಮ ಕಾಲದಲ್ಲಿ ಬ್ಲೂ ಎಂದರೆ ಒಂದು ಕೋಟು, ಒಂದು ಪ್ರಮಾಣಪತ್ರ, ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ರಾತ್ರಿ ನೆಲದ ಮೇಲೆ ನಿದ್ದೆ. ಈಗ ಕಾಲ ಬದಲಾಗಿದೆ. ಮೂಡುಬಿದಿರೆಯ ಆಳ್ವಾಸ್‌ನವರು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಎಲ್ಲ ಉಚಿತವಾಗಿ ಕೊಡುತ್ತಾರೆ. ಆಡುವವನಿಗೆ ಅನ್ನ ಹಾಕಬೇಕು, ಅದು ನ್ಯಾಯ. ಅಮೆರಿಕದಲ್ಲಿ ಆಡುವವನೇ ದುಡ್ಡು ಕೊಡಬೇಕೆಂದರೆ, ಆ ಕೋಚ್‌ಗೆ ಸಂಬಳ ಯಾಕೆ? ಅವನು ಊರೂರು ಪತ್ರ ಬರೆಯುವುದಾದರೂ ಯಾಕೆ?

ಲೆಕ್ಕಿಗ

ಬ್ಲೂ ಸರ್ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಎರಡು ಕಾಲೇಜುಗಳನ್ನು ಪಕ್ಕಪಕ್ಕ ಇಡುತ್ತೇನೆ.

ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪದವಿ ಓದುವವರೇ 30 ಸಾವಿರಕ್ಕೂ ಹೆಚ್ಚು, ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಸನ, ತಂಡಗಳು ಮೂವತ್ತರ ಆಸುಪಾಸು. ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನಲ್ಲಿ ಇರುವವರೇ ಸುಮಾರು 2,000. ತಂಡಗಳು? ಅಲ್ಲಿಯೂ ಮೂವತ್ತರ ಆಸುಪಾಸೇ. ಅಂದರೆ ಮಿಶಿಗನ್‌ನಲ್ಲಿ ತಂಡದ ಅಂಗಿ ತೊಟ್ಟವರು ನೂರರಲ್ಲಿ ಮೂವರೋ ನಾಲ್ವರೋ. ವಿಲಿಯಮ್ಸ್‌ನಲ್ಲಿ ಮೂವರಲ್ಲಿ ಒಬ್ಬ. ಕ್ರೀಡೆಯ ಹುಚ್ಚು ದೊಡ್ಡ ವಿಶ್ವವಿದ್ಯಾಲಯಗಳದ್ದು, ಸಣ್ಣವು ಬರೀ ಪುಸ್ತಕದ ಹುಳುಗಳ ಗೂಡು ಎಂದು ನಾವು ಅಂದುಕೊಂಡಿರುತ್ತೇವೆ. ತರಗತಿಯಲ್ಲಿ ಕುಳಿತು ಎಣಿಸಿದರೆ ವಿಷಯ ಉಲ್ಟಾ.

ಕೋಚ್ ಪತ್ರ ಬರೆಯುವ ಕಾರಣ ಎಲ್ಲ ಕಡೆ ಒಂದೇ ಅಲ್ಲ. ವಿಲಿಯಮ್ಸ್, ಆಮ್ಹರ್ಸ್ಟ್, ಬೋಡನ್, ಮಿಡಲ್‌ಬರಿ ಸೇರಿದಂತೆ ಹನ್ನೊಂದು ಕಾಲೇಜುಗಳು 1971ರಲ್ಲಿ ಶುರುವಾದ ನೆಸ್ಕ್ಯಾಕ್ ಎಂಬ ಕ್ರೀಡಾ ಕೂಟದಲ್ಲಿವೆ. ಅಲ್ಲಿ ಒಂದು ಸೀಟಿಗೆ ಹತ್ತು ಅರ್ಜಿ. ಕೋಚ್ ಗೆಲ್ಲುವುದಕ್ಕಾಗಿ ಹುಡುಕುತ್ತಾನೆ. ಹೆಸರಿಲ್ಲದ, ನಿಧಿಯಿಲ್ಲದ ನೂರಾರು ಸಣ್ಣ ಕಾಲೇಜುಗಳ ಕಥೆ ಬೇರೆ. ಅಲ್ಲಿ ಖಾಲಿ ಸೀಟುಗಳೇ ಚಿಂತೆ. ಫುಟ್‌ಬಾಲ್ ತಂಡವೊಂದನ್ನು ಹೊಸದಾಗಿ ಶುರು ಮಾಡಿದರೆ ನೂರು ಹುಡುಗರು ಶುಲ್ಕ ಕಟ್ಟಿ ಬರುತ್ತಾರೆ, ಕೋಚ್‌ನ ಸಂಬಳ ಅದರಲ್ಲೇ ಹುಟ್ಟುತ್ತದೆ. ಒಮ್ಮೆಗೆ ಮೈದಾನಕ್ಕಿಳಿಯುವವರು ಹನ್ನೊಂದು ಜನ, ಉಳಿದ ಹುಡುಗರು ಬೆಂಚಿನ ಮೇಲೆ. ಆದ್ದರಿಂದ ಪತ್ರ ಬಂದ ಕೂಡಲೇ ಹಿಗ್ಗಬೇಡಿ. ಕಳೆದ ವರ್ಷ ಎಷ್ಟು ಜನರನ್ನು ತಂಡಕ್ಕೆ ತೆಗೆದುಕೊಂಡಿದ್ದರು, ನಾಲ್ಕನೇ ವರ್ಷದವರೆಗೆ ಉಳಿದವರು ಎಷ್ಟು ಎಂದು ಕೋಚ್‌ನನ್ನೇ ಕೇಳಿ. ಆ ಎರಡು ಸಂಖ್ಯೆಗಳಲ್ಲಿ ಎಲ್ಲವೂ ಇರುತ್ತದೆ.

ಸ್ಯಾನ್‌ಹೊಸೆ ಸೀನ

ಬಾಸ್ಕೆಟ್‌ಬಾಲ್ ತಾರೆ ಸ್ಟೀಫನ್ ಕರಿ ಓದಿದ ಡೇವಿಡ್‌ಸನ್ ಕೂಡ ಇಂಥದ್ದೇ ಸಣ್ಣ ಕಾಲೇಜಲ್ಲವೇ? ಅವನಿಗೆ ಸ್ಕಾಲರ್‌ಶಿಪ್ ಇತ್ತಲ್ಲ?

ಲೆಕ್ಕಿಗ

ಸೀನ ಅವರೇ, ಡೇವಿಡ್‌ಸನ್ ಸಣ್ಣದು ನಿಜ, ಆದರೆ ಆಡುವುದು ಮೊದಲ ಡಿವಿಷನ್ನಿನಲ್ಲಿ. 2008ರಲ್ಲಿ ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಎಂಟರವರೆಗೆ ಬಂದು ಕ್ಯಾನ್ಸಸ್‌ಗೆ ಎರಡು ಅಂಕದಿಂದ ಸೋತರು. ಕರಿ 2009ರಲ್ಲಿ ಓದು ಬಿಟ್ಟು ಎನ್‌ಬಿಎಗೆ ಹೋದವರು ಪದವಿ ಮುಗಿಸಿದ್ದು 2022ರಲ್ಲಿ. ಅಪವಾದಗಳು ಇವೆ, ಆದರೆ ಅಪವಾದವನ್ನು ನಂಬಿ ಮನೆ ಸಾಲ ತೆಗೆಯಬಾರದು.

ಉಪನ್ಯಾಸಕಿ, ನ್ಯೂ ಇಂಗ್ಲೆಂಡ್

ನಾನು ಇಂಥ ಒಂದು ಸಣ್ಣ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎರಡನೆಯ ಪ್ರಶ್ನೆಗೆ, ಅಂದರೆ ಸೀಟಿನ ವಿಷಯಕ್ಕೆ, ಬರುತ್ತೇನೆ. ಇಲ್ಲಿ ಹಣ ಕೊಡುವುದಿಲ್ಲ, ಆದರೆ ಹಣಕ್ಕಿಂತ ದೊಡ್ಡದನ್ನು ಕೊಡುತ್ತಾರೆ: ಬಾಗಿಲು.

ಕೆಲವು ವರ್ಷಗಳ ಹಿಂದೆ ಆಮ್ಹರ್ಸ್ಟ್ ಕಾಲೇಜು ತನ್ನದೇ ಕ್ರೀಡಾ ವ್ಯವಸ್ಥೆಯ ಬಗ್ಗೆ ಒಂದು ವರದಿ ಪ್ರಕಟಿಸಿತು. ಮನೆಯ ಕೊಳೆಯನ್ನು ಬೀದಿಯಲ್ಲಿ ಒಗೆಯುವ ಧೈರ್ಯ ಎಲ್ಲ ಸಂಸ್ಥೆಗಳಿಗೂ ಇರುವುದಿಲ್ಲ, ಅದಕ್ಕೆ ಅವರನ್ನು ಮೆಚ್ಚಬೇಕು. ಪ್ರತಿ ವರ್ಷ ಸೇರುವವರಲ್ಲಿ 67 ಸೀಟುಗಳ ತೀರ್ಮಾನದಲ್ಲಿ ಆಟವೇ ನಿರ್ಣಾಯಕ ಎಂದು ಅದರಲ್ಲಿ ಒಪ್ಪಿಕೊಂಡರು. ಅದರ ಮೇಲೆ, ಅಂಕವೂ ಚೆನ್ನಾಗಿದ್ದು ಕೋಚ್‌ನ ಒಲವೂ ಇರುವ ಇನ್ನಷ್ಟು ಮಂದಿ. ಆ ಆಟಗಾರರ ಗುಂಪು ಉಳಿದ ವಿದ್ಯಾರ್ಥಿಗಳಿಗಿಂತ ಹೆಚ್ಚು ಬಿಳಿಯರದ್ದು, ಹೆಚ್ಚು ಸಿರಿವಂತರದ್ದು ಎಂಬುದನ್ನೂ ಮುಚ್ಚಿಡಲಿಲ್ಲ. ಯಾಕೆಂದು ಊಹಿಸುವುದು ಕಷ್ಟವಲ್ಲ. ದೋಣಿ ಹುಟ್ಟು ಹಾಕುವುದು, ಲಕ್ರಾಸ್, ಐಸ್ ಹಾಕಿ, ಸ್ಕ್ವಾಷ್ ಇವನ್ನೆಲ್ಲ ಬಡವರ ಶಾಲೆಯಲ್ಲಿ ಕಲಿಸುವುದಿಲ್ಲ.

ಓಟ ಹಾಗಲ್ಲ. ಒಂದು ಜೊತೆ ಶೂ, ಒಂದು ರಸ್ತೆ. ನಿಮ್ಮ ಮಗನ ಬಗ್ಗೆ ನನಗೆ ಸಂತೋಷವಾಗುವುದು ಅದಕ್ಕೇ.

ಮೂರನೆಯ ಪ್ರಶ್ನೆಗೆ ನನ್ನ ತರಗತಿಯ ಅನುಭವ ಹೇಳುತ್ತೇನೆ. ಓಟದವರು ಮುಂದಿನ ಸಾಲಿನಲ್ಲಿ ಕುಳಿತು ಬರೆದುಕೊಳ್ಳುತ್ತಾರೆ. ಕೆಲವು ತಂಡಗಳವರು ಒಟ್ಟಿಗೆ ಬಂದು, ಒಟ್ಟಿಗೆ ಕುಳಿತು, ಒಟ್ಟಿಗೆ ಆಕಳಿಸಿ, ಒಟ್ಟಿಗೆ ಎದ್ದು ಹೋಗುತ್ತಾರೆ. ಎರಡು ಸಾವಿರ ಜನರ ಊರಿನಲ್ಲಿ ಒಂದು ತಂಡವೆಂದರೆ ಒಂದು ಓಣಿ ಇದ್ದಂತೆ. ಊಟದ ಮೇಜೂ ಅವರದೇ. ಮಗ ಆ ಓಣಿಯಾಚೆ ಯಾರನ್ನು ಮಾತನಾಡಿಸುತ್ತಾನೆ ಎಂಬುದರ ಮೇಲೆ ಗಮನವಿಡಿ.

ಪುಣೆಯ ಸ್ಕ್ವಾಷ್ ಪ್ರೇಮಿ

ಉಪನ್ಯಾಸಕಿಯವರ ಮಾತಿಗೆ ಒಂದು ತಿದ್ದುಪಡಿ. ಸ್ಕ್ವಾಷ್ ಸಿರಿವಂತರ ಆಟ ಸರಿ. ಆದರೆ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜು ಸ್ಕ್ವಾಷ್‌ನಲ್ಲಿ 1998ರಿಂದ 2012ರವರೆಗೆ ಸತತ 252 ಪಂದ್ಯ ಗೆದ್ದದ್ದು ಊರಿನ ಸಿರಿವಂತ ಹುಡುಗರಿಂದ ಮಾತ್ರವಲ್ಲ. ಕೋಚ್ ಪಾಲ್ ಅಸಾಯಾಂಟೆ ಭಾರತವೂ ಸೇರಿದಂತೆ ಹಲವು ದೇಶಗಳಿಂದ ಆಟಗಾರರನ್ನು ಕರೆತಂದರು. ಸ್ಕ್ವಾಷ್ ಎನ್‌ಸಿಎಎ ಅಡಿಯಲ್ಲಿ ಬರುವುದಿಲ್ಲವಾದ್ದರಿಂದ ಡಿವಿಷನ್ ಗೋಡೆಗಳಿಲ್ಲ. ಎರಡು ಸಾವಿರ ಜನರ ಕಾಲೇಜು ಹಾರ್ವರ್ಡ್, ಯೇಲ್‌ಗಳನ್ನು ಹದಿಮೂರು ವರ್ಷ ಮಣ್ಣು ಮುಕ್ಕಿಸಿತು. ಕೊನೆಗೆ 5–4ರಿಂದ ಸೋಲಿಸಿದ್ದು ಯೇಲ್.

ಹಳೆಯ ವಿಕೆಟ್ ಕೀಪರ್

ಸಾವಿರದ ನಾನೂರು ಜನ, ಪೆನ್ಸಿಲ್ವೇನಿಯಾ, ಓಟ. ಎಡಿಸನ್ ಅಕ್ಕ, ನೀವು ಹೆಸರು ಹೇಳಿಲ್ಲ, ನಾನೂ ಕೇಳುವುದಿಲ್ಲ. ಆದರೆ ಆ ವರ್ಣನೆಗೆ ಹೊಂದುವ ಕಾಲೇಜೊಂದರಲ್ಲಿ ನಾನು ಓದಿದ್ದೇನೆ, ಫಿಲಡೆಲ್ಫಿಯಾ ಪಕ್ಕದ ಹ್ಯಾವರ್‌ಫರ್ಡ್. ನಿಮ್ಮ ಯಜಮಾನರಿಗೆ ಈ ಭಾಗವನ್ನು ಗಟ್ಟಿಯಾಗಿ ಓದಿ ಹೇಳಿ.

ಅಮೆರಿಕದಲ್ಲಿ ಕ್ರಿಕೆಟ್ ವಾರ್ಸಿಟಿ ಆಟ, ಅಂದರೆ ಕಾಲೇಜಿನ ಅಧಿಕೃತ ಆಟವಾಗಿರುವ ಕಾಲೇಜು ಅದೊಂದೇ. ಬೇರೆ ಕಡೆ ಭಾರತೀಯ ವಿದ್ಯಾರ್ಥಿಗಳು ಟೆನಿಸ್ ಚೆಂಡಿಗೆ ಟೇಪು ಸುತ್ತಿ ಪಾರ್ಕಿಂಗ್ ಜಾಗದಲ್ಲಿ ಆಡುತ್ತಾರಲ್ಲ, ಅಂಥದ್ದಲ್ಲ. ಕಾಲೇಜಿನದೇ ತಂಡ, ಕೋಚ್, ಕೋಪ್ ಫೀಲ್ಡ್ ಎಂಬ ಮೈದಾನ. ಕಾಲೇಜು ಶುರುವಾದದ್ದು 1833ರಲ್ಲಿ. ಆವರಣದ ಮರಗಿಡಗಳನ್ನು ನೋಡಿಕೊಳ್ಳಲು ಬಂದ ವಿಲಿಯಂ ಕಾರ್ವಿಲ್ ಎಂಬ ಇಂಗ್ಲಿಷ್ ತೋಟಗಾರ ಹುಡುಗರಿಗೆ ಕ್ರಿಕೆಟ್ ಹೇಳಿಕೊಟ್ಟನಂತೆ. ಅವನು ಬೆಳೆಸಿದ ತೋಟ ಇನ್ನೂ ಇದೆ, ಆಟವೂ ಇದೆ. 1864ರಲ್ಲೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೊತೆ ಪಂದ್ಯವಾಡಿದ್ದಾರೆ. ಆಗ ಫಿಲಡೆಲ್ಫಿಯಾದಲ್ಲಿ ಕ್ರಿಕೆಟ್ ಎಷ್ಟು ಜೋರಾಗಿತ್ತೆಂದರೆ, ಆ ಊರಿನ ಬಾರ್ಟ್ ಕಿಂಗ್ 1908ರ ಇಂಗ್ಲೆಂಡ್ ಪ್ರವಾಸದಲ್ಲಿ 87 ವಿಕೆಟ್ ಕಿತ್ತು ಅಲ್ಲಿನ ಬೌಲಿಂಗ್ ಸರಾಸರಿಯ ಪಟ್ಟಿಯಲ್ಲಿ ಮೊದಲಿಗನಾದ. ಆಮೇಲೆ ಬೇಸ್‌ಬಾಲ್ ಎಲ್ಲವನ್ನೂ ನುಂಗಿತು. ಕಾಲೇಜಿನ ಗ್ರಂಥಾಲಯದೊಳಗೆ ಕ್ರಿಕೆಟ್‌ಗಾಗಿಯೇ ಒಂದು ಸಂಗ್ರಹವಿದೆ. ಪರೀಕ್ಷೆಯ ವಾರದಲ್ಲಿ ಅಲ್ಲಿ ಹೋಗಿ ಹಳೆಯ ಸ್ಕೋರ್ ಪುಸ್ತಕ ತಿರುವಿಹಾಕಿ ನಾನು ಅಂಕ ಕಳೆದುಕೊಂಡದ್ದುಂಟು. ಅಲ್ಲಿ ಪರೀಕ್ಷೆಗೆ ಮೇಲ್ವಿಚಾರಕರಿಲ್ಲ, ವಿದ್ಯಾರ್ಥಿಗಳ ಮಾತೇ ಪ್ರಮಾಣ. ಇದನ್ನು ನನ್ನ ತಂದೆ ಕೊನೆಯವರೆಗೂ ನಂಬಲಿಲ್ಲ.

ನಾನು ಸೇರಿದಾಗ ನಮ್ಮ ಕೋಚ್ ಕಮ್ರಾನ್ ಖಾನ್. ಪಾಕಿಸ್ತಾನದಿಂದ ಬಂದು ಅಮೆರಿಕದ ತಂಡಕ್ಕೆ ಆಡಿದವರು, ಎಪ್ಪತ್ತರ ದಶಕದಿಂದ ಅಲ್ಲೇ ಇದ್ದವರು. ನಾನು ಮಂಡ್ಯ ಮೂಲದವನು, ಆರಂಭಿಕ ಬ್ಯಾಟ್ಸ್‌ಮನ್ ನೈಜೀರಿಯಾ ಮೂಲದವನು, ಉಳಿದ ಅರ್ಧ ತಂಡ ಆ ಕಾಲೇಜಿಗೆ ಬರುವವರೆಗೆ ಬ್ಯಾಟನ್ನೇ ಮುಟ್ಟಿರಲಿಲ್ಲ. ಮಿನೆಸೋಟಾದ ಒಬ್ಬ ಹುಡುಗ ಮೊದಲ ದಿನ ಬ್ಯಾಟನ್ನು ಭುಜದ ಮೇಲೆ ಹೊತ್ತು ನಿಂತ, ಬೇಸ್‌ಬಾಲ್‌ನವರಂತೆ. ಚೆಂಡು ತಗುಲಿದ ಕೂಡಲೇ ಬ್ಯಾಟು ಎಸೆದು ಓಡಿದ. ಮೂರನೇ ವರ್ಷಕ್ಕೆ ಅವನೇ ನಮ್ಮ ಅತ್ಯುತ್ತಮ ಫೀಲ್ಡರ್. ಆಡಲು ಬೇರೆ ಕಾಲೇಜು ತಂಡಗಳೇ ಕಡಿಮೆ, ಹಾಗಾಗಿ ಊರಿನ ಕ್ಲಬ್‌ಗಳ ಜೊತೆ ಪಂದ್ಯ. ಎದುರಾಳಿಗಳು ನಮ್ಮ ಅಪ್ಪಂದಿರ ವಯಸ್ಸಿನ ಇಂಜಿನಿಯರುಗಳು. ಅವರ ಸ್ಪಿನ್ ನಮಗೆ ಆಡಲಿಕ್ಕೇ ಬರುತ್ತಿರಲಿಲ್ಲ.

ಓಟದ ವಿಷಯ ಬೇರೆಯೇ. ಅದರಲ್ಲಿ ಆ ಕಾಲೇಜು ತಮಾಷೆ ಮಾಡುವುದಿಲ್ಲ. 1997ರಲ್ಲಿ ಅಲ್ಲಿನ ಕಾರ್ಲ್ ಪರಾನ್ಯ ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ. ಡಿವಿಷನ್ ಮೂರರ ವಿದ್ಯಾರ್ಥಿಯೊಬ್ಬ ಆ ಗೆರೆ ದಾಟಿದ್ದು ಅದೇ ಮೊದಲು. 2010ರಲ್ಲಿ ಕ್ರಾಸ್ ಕಂಟ್ರಿ ರಾಷ್ಟ್ರೀಯ ಪ್ರಶಸ್ತಿಯೂ ಬಂತು. ಇನ್ನು ಫುಟ್‌ಬಾಲ್ ಅನ್ನು 1972ರಲ್ಲೇ ನಿಲ್ಲಿಸಿದ್ದಾರೆ. "1972ರಿಂದ ಸೋಲರಿಯದ ಫುಟ್‌ಬಾಲ್ ತಂಡ" ಎಂದು ಅಂಗಿಗಳ ಮೇಲೆ ಅಚ್ಚು ಹಾಕಿಸಿ ಮಾರುತ್ತಾರೆ. ನನ್ನ ಹತ್ತಿರ ಎರಡಿವೆ.

ಕಾಫಿತೋಟ

ಕ್ರಿಕೆಟ್ ಎಂದದ್ದಕ್ಕೆ ನಾನೂ ಒಂದು ಮಾತು. 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿದಾಗ ಮೂರು ವಿಕೆಟ್ ತೆಗೆದ ನಾಸ್ತುಷ್ ಕೆಂಜಿಗೆ ನಮ್ಮ ಚಿಕ್ಕಮಗಳೂರಿನ ಕಡೆ ಬೆಳೆದವರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಬರುತ್ತಿದೆ. ಇನ್ನೂ ನಾಲ್ಕು ಕಾಲೇಜುಗಳು ಶುರು ಮಾಡಿದರೆ ಆಶ್ಚರ್ಯವಿಲ್ಲ.

ಉಪನ್ಯಾಸಕಿ, ನ್ಯೂ ಇಂಗ್ಲೆಂಡ್

ಆಗಲಿ ಎಂದು ನಾನೂ ಹಾರೈಸುತ್ತೇನೆ, ಆದರೆ ತಂಡ ಕಟ್ಟುವುದಕ್ಕಿಂತ ಮುಚ್ಚುವುದು ಬೇಗ. ಹ್ಯಾವರ್‌ಫರ್ಡ್‌ನ ನೆರೆಯ ಸ್ವಾರ್ತ್‌ಮೋರ್ 2000ದ ಡಿಸೆಂಬರ್‌ನಲ್ಲಿ ಫುಟ್‌ಬಾಲ್ ನಿಲ್ಲಿಸಿತು. ಅಷ್ಟು ಸಣ್ಣ ಕಾಲೇಜಿನಲ್ಲಿ ಫುಟ್‌ಬಾಲ್‌ಗೆ ಬೇಕಾದಷ್ಟು ಹುಡುಗರನ್ನು ತುಂಬಿಸಿದರೆ ಪ್ರವೇಶದಲ್ಲಿ ಬೇರೆಯವರಿಗೆ ಉಳಿಯುವ ಜಾಗವೆಷ್ಟು ಎಂಬುದೇ ವಾದವಾಗಿತ್ತು. ಹಳೆಯ ವಿದ್ಯಾರ್ಥಿಗಳು ಕೆಂಡಾಮಂಡಲವಾದರು. ಅದೇ ದಿನ ಕುಸ್ತಿ ಮತ್ತು ಬ್ಯಾಡ್ಮಿಂಟನ್ ಕೂಡ ವಾರ್ಸಿಟಿ ಪಟ್ಟಿಯಿಂದ ಹೋದವು, ಅವುಗಳಿಗಾಗಿ ಅತ್ತವರು ಕಡಿಮೆ.

ಧಾರವಾಡದ ಹಳೆಯ ಬ್ಲೂ

ಬ್ಯಾಡ್ಮಿಂಟನ್ ಇತ್ತೇ? ಇದ್ದದ್ದನ್ನು ತೆಗೆದರೇ? ಒಬ್ಬ ಕನ್ನಡಿಗನನ್ನಾದರೂ ಕೇಳಬಾರದಿತ್ತೇ!

ನೊಂದವನು

ಎಲ್ಲರೂ ಚೆನ್ನಾಗಿಯೇ ಹೇಳುತ್ತಿದ್ದೀರಿ, ಒಂದು ಕಹಿಯೂ ಇರಲಿ. ನನ್ನ ಮಗ ಟೆನಿಸ್ ಆಡುತ್ತಿದ್ದ. ಒಂದು ಸಣ್ಣ ಕಾಲೇಜಿನ ಕೋಚ್ ಎಂಟು ತಿಂಗಳು ವಾರಕ್ಕೊಮ್ಮೆ ಫೋನು ಮಾಡಿದ. ನಮ್ಮ ಮನೆಯ ಬಿಸಿಬೇಳೆಬಾತಿನ ಬಗ್ಗೆ ಕೂಡ ವಿಚಾರಿಸುತ್ತಿದ್ದ. "ನನ್ನ ಪಟ್ಟಿಯಲ್ಲಿ ನೀನು ಮೇಲಿದ್ದೀಯ" ಎಂದ. ಅವನನ್ನು ನಂಬಿ ಬೇರೆ ಕೋಚ್‌ಗಳಿಗೆ ಉತ್ತರಿಸುವುದನ್ನು ನಿಲ್ಲಿಸಿದೆವು. ಅಕ್ಟೋಬರ್‌ನಲ್ಲಿ ಒಂದು ಸಾಲಿನ ಇಮೇಲ್ ಬಂತು: ಈ ವರ್ಷ ಬೇರೆ ದಿಕ್ಕಿನಲ್ಲಿ ಹೋಗುತ್ತಿದ್ದೇವೆ. ಅಷ್ಟೇ. ಮೇಲಿದ್ದೀಯ ಎಂದನೇ ಹೊರತು ಎಷ್ಟನೆಯವನೆಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸಂಕೋಚ. ನಮ್ಮ ಜನಕ್ಕೆ ಬೇರೆಯವರ ಬಾಯಿಂದ ಸಂಖ್ಯೆ ಹೊರಡಿಸಲು ನಾಚಿಕೆ.

ಎಡಿಸನ್ ಅಮ್ಮ

ಓದಿ ಎದೆ ಝಲ್ಲೆಂದಿತು. ಹಾಗಾದರೆ ಕೋಚ್‌ನ ಮಾತು ಯಾವಾಗ ನಿಜವಾದ ಮಾತಾಗುತ್ತದೆ?

ಈಜುಗಾರ್ತಿಯ ಅಪ್ಪ

ಪ್ರವೇಶ ಕಚೇರಿ ಬಾಯಿ ಬಿಟ್ಟಾಗ. ಹನ್ನೊಂದನೇ ತರಗತಿ ಮುಗಿದ ಬೇಸಿಗೆಯಲ್ಲಿ ಕೋಚ್ ಅಂಕಪಟ್ಟಿ, ಪರೀಕ್ಷೆಯ ಅಂಕಗಳನ್ನು ಪ್ರವೇಶ ಕಚೇರಿಗೆ ಕೊಟ್ಟು ಮೊದಲೇ ಒಂದು ಓದು ಓದಿಸುತ್ತಾನೆ. ಪ್ರೀ ರೀಡ್ ಎನ್ನುತ್ತಾರೆ. ಪರವಾಗಿಲ್ಲ, ಕಷ್ಟ, ಬೇಡ ಎಂಬ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಪರವಾಗಿಲ್ಲ ಎಂದರೂ ಅದು ಸೀಟಲ್ಲ. ಆಮೇಲೆ ನೇರವಾಗಿ ಕೇಳಿ: "ನನ್ನ ಮಗನಿಗಾಗಿ ನಿಮ್ಮ ಬೆಂಬಲವನ್ನು ಪ್ರವೇಶ ಕಚೇರಿಗೆ ಕೊಡುತ್ತೀರಾ, ಇಲ್ಲವಾ? ಕಳೆದ ವರ್ಷ ನೀವು ಬೆಂಬಲಿಸಿದವರಲ್ಲಿ ಎಷ್ಟು ಜನರಿಗೆ ಸೀಟು ಸಿಕ್ಕಿಲ್ಲ?" ಒಳ್ಳೆಯ ಕೋಚ್ ಉತ್ತರ ಕೊಡುತ್ತಾನೆ. ಸುತ್ತಿಬಳಸಿದರೆ ಅದೇ ಉತ್ತರ.

ಇನ್ನೊಂದು. ಸಾಮಾನ್ಯವಾಗಿ ಅವರು ಅರ್ಲಿ ಡಿಸಿಷನ್ ಅರ್ಜಿ ಹಾಕಲು ಹೇಳುತ್ತಾರೆ. ಸೀಟು ಸಿಕ್ಕರೆ ಹೋಗಲೇಬೇಕು, ಬೇರೆ ಕಾಲೇಜುಗಳ ನೆರವನ್ನು ಹೋಲಿಸಿ ನೋಡುವ ಅವಕಾಶ ಇಲ್ಲ. ಆದ್ದರಿಂದ ಅರ್ಜಿಗೆ ಮೊದಲೇ ಕಾಲೇಜಿನ ಜಾಲತಾಣದಲ್ಲಿರುವ ವೆಚ್ಚದ ಲೆಕ್ಕಯಂತ್ರದಲ್ಲಿ ನಿಮ್ಮ ಆದಾಯ ಹಾಕಿ ನೋಡಿ. ಬಂದ ಸಂಖ್ಯೆಯನ್ನು ನೆರವಿನ ಕಚೇರಿಗೆ ತೋರಿಸಿ, ಇದು ಸರಿಯೇ ಎಂದು ಬರವಣಿಗೆಯಲ್ಲಿ ಕೇಳಿ. ಕೋಚ್‌ನ ಬಳಿ ಹಣದ ಮಾತು ಬೇಡ, ಅವನ ಕೈಯಲ್ಲಿ ಏನೂ ಇಲ್ಲ.

ಲೆಕ್ಕಿಗ

ಇದಕ್ಕೆ ಒಂದೇ ಸೇರ್ಪಡೆ. ಕಾಲು ಮುರಿದು ನಾಳೆಯಿಂದ ಒಂದು ಹೆಜ್ಜೆಯೂ ಓಡಲಾಗದಿದ್ದರೆ ಈ ಕಾಲೇಜಿನಲ್ಲೇ ಇರುತ್ತೀಯಾ ಎಂದು ಮಗನನ್ನು ಕೇಳಿ. ಯೋಚಿಸದೆ ಹೌದು ಎಂದರೆ ನಂಬಬೇಡಿ. ಎರಡು ದಿನ ಬಿಟ್ಟು ಹೇಳಿದರೆ ನಂಬಿ.

ಎಡಿಸನ್ ಅಮ್ಮ

ಮೂರು ವಾರ ಆಯಿತು, ಬರೆಯಲು ತಡವಾಯಿತು. ಕಳೆದ ಶನಿವಾರ ಹೋಗಿ ನೋಡಿ ಬಂದೆವು. ಕೋಚ್ ಮಗನನ್ನು ತಂಡದವರ ಜೊತೆ ಊಟಕ್ಕೆ ಕಳುಹಿಸಿ, ನಮ್ಮಿಬ್ಬರನ್ನು ಕೂರಿಸಿಕೊಂಡು ಮಾತನಾಡಿದರು. ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಎಷ್ಟು ಜನರನ್ನು ತೆಗೆದುಕೊಂಡಿರಿ, ಎಷ್ಟು ಜನ ಉಳಿದರು, ಬೆಂಬಲಿಸಿದವರಲ್ಲಿ ಯಾರಿಗೆ ಸೀಟು ತಪ್ಪಿತು. ಕೈ ಸ್ವಲ್ಪ ನಡುಗುತ್ತಿತ್ತು, ಆದರೂ ಕೇಳಿದೆ. ಹೋದ ವರ್ಷ ಎಂಟು ಜನ, ಹಿಂದಿನ ತಂಡದಲ್ಲಿ ಕೊನೆಯವರೆಗೆ ಉಳಿದವರು ಆರು, ಒಬ್ಬನಿಗೆ ಸೀಟು ತಪ್ಪಿದೆ ಎಂದರು. ಬೇಸಿಗೆಯಲ್ಲಿ ಅಂಕಪಟ್ಟಿಯನ್ನು ಓದಿಸುತ್ತೇನೆ, ಅಲ್ಲಿಯವರೆಗೆ ಬೇರೆ ಕೋಚ್‌ಗಳಿಗೂ ಉತ್ತರ ಕೊಡುತ್ತಿರಿ ಎಂದು ಅವರೇ ಹೇಳಿದರು. ನೊಂದವನು ಅವರೇ, ಆ ಕ್ಷಣ ನಿಮ್ಮ ನೆನಪಾಯಿತು.

ಲೆಕ್ಕಿಗರ ಪ್ರಶ್ನೆಗೆ ಮಗ ಇನ್ನೂ ಉತ್ತರ ಕೊಟ್ಟಿಲ್ಲ. ಇಂದಿಗೆ ನಾಲ್ಕನೆಯ ದಿನ.

ಯಜಮಾನರ ಕಥೆ ಬೇರೆ. ವಿಕೆಟ್ ಕೀಪರ್ ಅವರ ಬರಹವನ್ನು ಅವರಿಗೆ ಓದಿ ಹೇಳಬಾರದಿತ್ತು. ವಾಪಸ್ಸು ಬರುವಾಗ ದಾರಿ ತಪ್ಪಿಸಿ ಹ್ಯಾವರ್‌ಫರ್ಡ್‌ಗೆ ಕಾರು ತಿರುಗಿಸಿದರು. ಕೋಪ್ ಫೀಲ್ಡ್‌ನ ಅಂಚಿನಲ್ಲಿ ನಲವತ್ತು ನಿಮಿಷ ನಿಂತರು. ಮೈದಾನದಲ್ಲಿ ಯಾರೂ ಇರಲಿಲ್ಲ, ಸಣ್ಣಗೆ ಮಳೆ ಹನಿಯುತ್ತಿತ್ತು. ಹಳೆಯ ವಿದ್ಯಾರ್ಥಿಗಳಲ್ಲದವರನ್ನೂ ಆಡಲು ಬಿಡುತ್ತಾರೆಯೇ ಎಂದು ನಿಮ್ಮನ್ನು ಕೇಳಲು ಹೇಳಿದ್ದಾರೆ.

ಹಳೆಯ ವಿಕೆಟ್ ಕೀಪರ್

ಯಾವುದಾದರೂ ಊರ ಕ್ಲಬ್ಬಿಗೆ ಸೇರಲು ಹೇಳಿ, ಎದುರಾಳಿಯಾಗಿ ಬರಬಹುದು. ಸ್ಪಿನ್ ಹಾಕುತ್ತಾರೆಯೇ?

ಎಡಿಸನ್ ಅಮ್ಮ

ಹಾಕುತ್ತೇನೆ ಎಂದು ಹೇಳುತ್ತಾರೆ. ಚೆಂಡು ತಿರುಗಿದ್ದನ್ನು ನಾನಿನ್ನೂ ನೋಡಿಲ್ಲ.